ಇಲ್ಲದ ದೇಶಕ್ಕೆ ಇಸ್ತ್ರಿ

ವಿಶ್ವಸಂಸ್ಥೆಯ ದಿನ ಹತ್ತಿರ ಬಂತೆಂದರೆ ಪುರಭವನದ ಸಮಾರಂಭಗಳನ್ನು ನೋಡಿಕೊಳ್ಳುವ ಬಾವುಟದ ಸಾಹೇಬರಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಯುದ್ಧ ಮುಗಿದ ದಿನ, ಮಹನೀಯರ ಜಯಂತಿ ಇವಕ್ಕೆಲ್ಲ ಒಂದೇ ಬಾವುಟ ಸಾಕು. ಇದಕ್ಕೆ ಮಾತ್ರ ಜಗತ್ತಿನ ಬಾವುಟಗಳೆಲ್ಲ ಬೇಕು. ಯಾವುದಾದರೂ ತಲೆಕೆಳಗಾದರೆ? ಕಾದಾಡುತ್ತಿರುವ ಎರಡು ದೇಶಗಳು ಅಕ್ಕಪಕ್ಕ ಬಂದರೆ? ಏಣಿ ಹತ್ತಿ ನೋಡುತ್ತಾರೆ, ಇಳಿದು ನೋಡುತ್ತಾರೆ, ಮನೆಗೆ ಹೊರಟವರು ಅರ್ಧ ದಾರಿಯಿಂದ ಮರಳುತ್ತಾರೆ. "ಗಾಳಿ ಬೀಸಿದ್ರೆ ಒಂದಕ್ಕೊಂದು ತಾಗುತ್ತೇನೋ ಕಣೇ," ಎಂದು ತಟ್ಟೆಯ ಮುಂದಿನಿಂದ ಎದ್ದರೆ, "ತಾಗಲಿ ಬಿಡಿ, ಹಾಗಾದ್ರೂ ಹತ್ತಿರ ಬರಲಿ," ಎಂದು ಹೆಂಡತಿ ಕೈಹಿಡಿದು ಕೂರಿಸುತ್ತಾರೆ. ಇಷ್ಟರ ನಡುವೆ ಪ್ರತಿವರ್ಷವೂ ಸಾಹೇಬರು ಒಂದು ಬಾವುಟವನ್ನು ಒಗೆದು, ಇಸ್ತ್ರಿ ಮಾಡಿ, ಕಂಬಕ್ಕೇರಿಸದೆ ಬೀರುವಿನಲ್ಲೇ ಇಡುತ್ತಾರೆ. ಆ ಬಾವುಟದ ದೇಶ ಒಡೆದು ಚೂರಾಗಿ ಬಹಳ ಕಾಲವಾಯಿತು. "ಇಲ್ಲದ ದೇಶಕ್ಕೆ ಇಸ್ತ್ರಿ ಯಾಕೆ ಸಾರ್?" ಎಂದು ಕಚೇರಿಯ ಟೈಪಿಸ್ಟ್ ಈ ಸಲ ಕೇಳಿಯೇಬಿಟ್ಟಳು. ಸಾಹೇಬರು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. "ಒಂದು ವರ್ಷ ಒಬ್ರು ಅಜ್ಜಿ ಬಂದಿದ್ರಮ್ಮ. ಕಂಬಗಳ ಸಾಲು ಪೂರ್ತಿ ನಡೆದು ನೋಡಿ, 'ನಮ್ದು ಇಲ್ವಾ?' ಅಂದ್ರು. ಹುಡುಕಿಡ್ತೀನಿ ಅಂದೆ. ಉಗ್ರಾಣದಲ್ಲಿ ಸಿಕ್ತು, ಆದ್ರೆ ಅವರು ಮತ್ತೆ ಬರಲಿಲ್ಲ." ಬಾಗಿಲ ಕಡೆ ನೋಡಿದರು. "ನಾಳೆ ಬಂದುಬಿಟ್ರೆ? ಸುಕ್ಕಾಗಿರೋದನ್ನ ಅವರ ಕೈಗೆ ಹೇಗೆ ಕೊಡೋದು?"