ಫ್ರಾನ್ಸಿನ ಹಾಗೆ ದಬ್ಬೇಘಟ್ಟಕ್ಕೆ

ನನಗೆ ಸೈಕಲ್ ತುಳಿಯುವುದು ಚೆನ್ನಾಗಿಯೇ ಬರುತ್ತದೆ. ಹತ್ತುವುದು ಮತ್ತು ಇಳಿಯುವುದು ಮಾತ್ರ ಬರುವುದಿಲ್ಲ. ಹತ್ತಲು ಒಂದು ಜಗಲಿಯೋ ಮೈಲಿಗಲ್ಲೋ ಬೇಕು, ಇಳಿಯಲು ಆತುಕೊಳ್ಳುವುದಕ್ಕೆ ಒಂದು ಮರ ಬೇಕು. ತಿಪಟೂರಿನಲ್ಲಿ ಹುಟ್ಟಿದ್ದರಿಂದ ಎರಡನೆಯದಕ್ಕೆ ಎಂದೂ ಕೊರತೆಯಾಗಲಿಲ್ಲ. ಬೇಕೆಂದ ಕಡೆ ಒಂದು ತೆಂಗಿನಮರವನ್ನು ತಬ್ಬಿಕೊಂಡು ನಿಂತುಬಿಡಬಹುದು. ಮರವಿಲ್ಲದ ನಾಡಿನಲ್ಲಿ ಹುಟ್ಟಿದ್ದರೆ ಇವತ್ತಿಗೂ ತುಳಿಯುತ್ತಲೇ ಇರುತ್ತಿದ್ದೆನೇನೋ.

ಇಂಥವನು ತನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ, ಐವತ್ತು ದಾಟಿದ ಮೇಲೆ ಸೈಕಲ್ ಪ್ರವಾಸಕ್ಕೆ ಹೊರಟದ್ದು ನಾದಿನಿ ಪ್ರಭಾಳಿಂದ. ನನ್ನ ಹೆಂಡತಿ ಗಿರಿಜಾಳ ತಂಗಿ ಅವಳು. ತುರುವೇಕೆರೆಯಲ್ಲಿ ಬ್ಯಾಂಕ್ ಕೆಲಸ, ನಲವತ್ತೇಳು ವಯಸ್ಸು, ಮದುವೆಯಾಗಿಲ್ಲ. ಆಗಲಿಲ್ಲ ಎಂದಲ್ಲ, ಆಗಲು ಒಪ್ಪಲಿಲ್ಲ. ಹೋದ ವರ್ಷ ಅವಳು ಯಾವುದೋ ತಂಡದೊಂದಿಗೆ ಫ್ರಾನ್ಸಿಗೆ ಹೋಗಿ, ಒಂದು ವಾರ ಹಳ್ಳಿಹಳ್ಳಿಗಳಲ್ಲಿ ಸೈಕಲ್ ತುಳಿದು ಬಂದಳು. ಬಂದವಳು ನಮ್ಮ ನಡುಮನೆಯಲ್ಲಿ ಕೂತು ಫೋಟೋ ತೋರಿಸಿದಳು. ನೀರು ತುಂಬಿದ ನಾಲೆ, ನಾಲೆಯ ಪಕ್ಕ ಮರದ ಸಾಲು, ಆಚೆ ದ್ರಾಕ್ಷಿ ತೋಟ. ಗಂಟುಮೂಟೆಯೆಲ್ಲ ಒಂದು ವ್ಯಾನಿನಲ್ಲಿ ಮುಂದೆ ಹೋಗುತ್ತದಂತೆ, ಇವರು ಕೈಬೀಸಿಕೊಂಡು ಹಿಂದೆ ಹೋಗುವುದಂತೆ, ಊರು ಸಿಕ್ಕಿದಾಗ ಬ್ರೆಡ್ಡು ತಿನ್ನುವುದಂತೆ.

ಎಲ್ಲ ತೋರಿಸಿ ಮುಗಿಸಿ, ಅಲ್ಲಿ ನನಗೆ ತುಂಬ ಹಿಡಿಸಿದ್ದು ಇದ್ಯಾವುದೂ ಅಲ್ಲ ಎಂದಳು. ಒಂದು ವಾರದಲ್ಲಿ ಒಬ್ಬರೂ ನನಗೆ ಮದುವೆಯಾಗಿದೆಯೇ ಎಂದು ಕೇಳಲಿಲ್ಲ ಎಂದಳು.

ನಾನು ಈ ಮಾತನ್ನು ಕೇಳಿಸಿಕೊಂಡೆ. ಗಿರಿಜಾ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಫೋಟೋದಲ್ಲಿ ಜೋಡಿಯಾಗಿ ಹೋಗುತ್ತಿದ್ದ ಎರಡು ಸೈಕಲ್ಲುಗಳ ಮೇಲಿತ್ತು. ಆ ರಾತ್ರಿ ನನಗೊಂದು ಸಿದ್ಧಾಂತ ಹೇಳಿದಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಕಾಫಿ ಲೋಟ ನಡುಗುತ್ತದೆ, ಮಾತು ಹೊರಡುವುದಿಲ್ಲ. ಅದೇ ಪಕ್ಕಪಕ್ಕದಲ್ಲಿ ಸೈಕಲ್ ತುಳಿದರೆ ಮುಖ ನೋಡುವ ಗೋಜಿಲ್ಲ, ಇಬ್ಬರ ಕಣ್ಣೂ ರಸ್ತೆಯ ಮೇಲೆ, ಮಾತು ತಾನಾಗಿ ಬರುತ್ತದೆ. ಯೋಚಿಸಿದರೆ ಇದರಲ್ಲಿ ಸತ್ಯವಿದೆ. ನಾನೂ ಗಿರಿಜಾಳೂ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಬಸ್ಸಿನ ಸೀಟಿನಲ್ಲೇ. ಆದ್ದರಿಂದ ಪ್ರವಾಸವನ್ನು ಇಲ್ಲೇ ಮಾಡೋಣ, ದ್ರಾಕ್ಷಿಗೆ ಬದಲು ತೆಂಗು, ನಾಲೆ ನಮ್ಮಲ್ಲೂ ಇದೆ, ನಿಮ್ಮ ಗೆಳೆಯನನ್ನು ಕರೆಯಿರಿ ಎಂದಳು.

ನನ್ನ ಗೆಳೆಯ ಮಹೇಶಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಹೆಂಡತಿ ತೀರಿಕೊಂಡು ಆರೇಳು ವರ್ಷವಾಗಿತ್ತು. ಮನೆಯಲ್ಲಿ ಕಾರಿದ್ದರೂ ಮಂಡಿಗೆ ಹೋಗುವುದು ತನ್ನ ಹಳೆಯ ಕರೀ ಸೈಕಲ್ಲಿನಲ್ಲೇ. ಜೊತೆಗೆ ಬಾ ಎಂದಷ್ಟೇ ಹೇಳಿದೆ, ಒಪ್ಪಿದ. ಯಾಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರೆಕಾಯಿಯ ಕಾಲದಲ್ಲಿ, ಇನ್ನೂ ಮಂಜಿರುವಾಗ ನಾಲ್ವರೂ ಹೊರಟೆವು. ಪ್ರಭಾಳದು ಗೇರುಗಳ ಸೈಕಲ್. ಗಿರಿಜಾಳದು ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಯಿಂದ ಎರವಲು ತಂದದ್ದು, ಮುಂದೆ ಬುಟ್ಟಿ ಇತ್ತು. ವ್ಯಾನಿಗೆ ಬದಲಾಗಿ ನಮ್ಮ ಬ್ಯಾಗುಗಳನ್ನು ದಬ್ಬೇಘಟ್ಟದ ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿದ್ದೆವು. ಅಲ್ಲಿ ಗಿರಿಜಾಳ ಸೋದರಮಾವ ಚನ್ನಬಸಪ್ಪನವರ ತೋಟದ ಮನೆಯಲ್ಲಿ ಮೊದಲ ದಿನದ ಬಿಡಾರ. ಮರುದಿನ ತುರುವೇಕೆರೆ, ಆಮೇಲೆ ಚಿಕ್ಕನಾಯಕನಹಳ್ಳಿ ಸುತ್ತಿಕೊಂಡು ಊರಿಗೆ.

ಸಂತೋಷಕ್ಕೆ ಹೊರಟಿದ್ದೇವೆ ಎಂಬುದನ್ನು ದಾರಿಯುದ್ದಕ್ಕೂ ಒಬ್ಬರೂ ನಂಬಲಿಲ್ಲ. ಬಸ್ ಇಲ್ಲವೇ ಎಂದು ಕೇಳಿದರು. ಪೆಟ್ರೋಲ್ ಸಿಗುತ್ತಿಲ್ಲವೇ ಎಂದು ಕೇಳಿದರು. ಒಬ್ಬ ಟ್ರ್ಯಾಕ್ಟರಿನವನು ನನ್ನ ಸ್ಥಿತಿ ನೋಡಿ, ಸೈಕಲ್ ಸಮೇತ ಹತ್ತಿಸಿಕೊಳ್ಳುತ್ತೇನೆ ಎಂದ. ಆ ಹೊತ್ತಿಗೆ ನನಗೆ ಫ್ರಾನ್ಸಿನ ಮೇಲೆ ಅಭಿಮಾನ ಕಡಿಮೆಯಾಗಿತ್ತು, ಆದರೆ ಗಿರಿಜಾ ಹಿಂತಿರುಗಿ ನೋಡಿದಳು. ಇಳಿಜಾರಿನಲ್ಲಿ ಮಾತ್ರ ನಾವು ನಾಲ್ವರೂ ಶಾಲೆ ಬಿಟ್ಟ ಮಕ್ಕಳಾದೆವು. ಗಿರಿಜಾ ಎರಡೂ ಕಾಲೆತ್ತಿ ಕೂಗಿಕೊಂಡು ಇಳಿದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ.

ಸಿದ್ಧಾಂತವೂ ಕೆಲಸ ಮಾಡುತ್ತಿತ್ತು. ಮುಂದೆ ಪ್ರಭಾ ಮತ್ತು ಮಹೇಶಪ್ಪ, ಹಿಂದೆ ಬೇಕೆಂದೇ ನಿಧಾನವಾಗಿ ನಾವು. ನನ್ನ ಮಟ್ಟಿಗೆ ಬೇಕೆಂದೇ ಏನಲ್ಲ.

ಊರು ಇನ್ನೇನು ಹತ್ತಿರ ಎನ್ನುವಾಗ ಒಂದು ಎಳನೀರಿನ ಗಾಡಿ ಕಂಡು ನಿಂತೆವು. ಚನ್ನಬಸಪ್ಪ ಮಾವ ನಮ್ಮನ್ನು ಎದುರುಗೊಳ್ಳಲು ಮೊಪೆಡ್ಡಿನಲ್ಲಿ ಅಲ್ಲಿಗೇ ಬಂದರು. ಗಿರಿಜಾ ಮಾವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳು; ಹೇಳಬೇಡಿ ಎಂಬುದನ್ನು ಹೇಳಲು ಮರೆತಿದ್ದಳು. ಮಾವ ಮಹೇಶಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪ್ರಭಾಳ ತಲೆ ಸವರಿ, ತುಂಬ ತೃಪ್ತಿಯಿಂದ ಹೇಳಿದರು:

"ಗಂಡು ಕಟ್ಟುಮಸ್ತಾಗವ್ನೆ ಕಣವ್ವ. ಈ ಸಲ ಒಪ್ಕಂಬುಡು."

ಮಹೇಶಪ್ಪನಿಗೆ ಎಳನೀರು ನೆತ್ತಿಗೆ ಹತ್ತಿತು. ಪ್ರಭಾ ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಎಳನೀರನ್ನು ಕುಡಿಯದೆ ಗಾಡಿಯ ಮೇಲಿಟ್ಟು, ಸೈಕಲ್ ಹತ್ತಿ ಹೊರಟೇಬಿಟ್ಟಳು. ಮಹೇಶಪ್ಪ ಕೆಮ್ಮು ನಿಂತ ಮೇಲೆ ನನ್ನ ಹತ್ತಿರ ಬಂದ. ಅವನ ಕಿವಿ ಕೆಂಪಾಗಿತ್ತು.

"ಮಂಡೀಲಿ ಕೊಬ್ಬರಿ ಸ್ಯಾಂಪಲ್ ತೋರಿಸ್ದಂಗೆ ನನ್ನ ತೋರಿಸ್ಬುಟ್ಟೆಯಲ್ಲೋ ಸಿದ್ದಣ್ಣ. ಆಯಮ್ಮ ನನ್ನ ಏನಂದ್ಕಂಡಾಳು?" ಎಂದ.

ಹೇಳಿ, ಅವಳ ಹಿಂದೆ ಕರೀ ಸೈಕಲ್ ದೌಡಾಯಿಸಿದ. ನಾನೂ ಹೋಗಬೇಕೆಂದುಕೊಂಡೆ, ಹತ್ತುವುದಕ್ಕೆ ಕಲ್ಲು ಸಿಗಲಿಲ್ಲ.

ತೋಟದ ಮನೆಗೆ ಹೋದರೆ ಅಲ್ಲಿ ನಮ್ಮ ಬ್ಯಾಗುಗಳಿದ್ದವು, ಅವರಿಬ್ಬರಿರಲಿಲ್ಲ. ಪ್ರಭಾಳ ಫೋನು ಆಫ್ ಆಗಿತ್ತು. ಮಹೇಶಪ್ಪನ ಫೋನು ಅವನ ಬ್ಯಾಗಿನೊಳಗೇ ಬಡಿದುಕೊಂಡಿತು. ಮಾವನ ಹೆಂಡತಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಗಿರಿಜಾ ತಟ್ಟೆ ಮುಟ್ಟಲಿಲ್ಲ. ಊಟ ಬಿಟ್ಟು ಹುಡುಕಲು ಹೊರಟೆವು. ನಾಲೆಯ ಏರಿಯ ಮೇಲೆ ಪಕ್ಕಪಕ್ಕದಲ್ಲಿ ಸೈಕಲ್ ತುಳಿಯುತ್ತ, ಮುಖ ನೋಡದೆ, ಅವಳು ಅಳುತ್ತ ಮಾತಾಡಿದಳು. ನಾವು ಹೋದ ಮೇಲೆ ಪ್ರಭಾಳಿಗೆ ಯಾರು ದಿಕ್ಕು ಎಂಬುದೊಂದೇ ಭಯ ತನಗೆ ಎಂದಳು. ಅವಳ ಮದುವೆ ತನಗೆ ಬೇಕಾಗಿತ್ತೇ ಹೊರತು ಅವಳಿಗಲ್ಲ ಎಂದು ಈಗ ಗೊತ್ತಾಗುತ್ತಿದೆ ಎಂದಳು. ಅವಳು ಮಾತೇ ಬಿಟ್ಟುಬಿಟ್ಟರೆ ಏನು ಮಾಡಲಿ ಎಂದಳು. ನಾನು ಅವಳ ಪಕ್ಕದಲ್ಲಿ ತುಳಿಯುತ್ತಲೇ ಹೋದೆ.

ಬಿಸಿಲು ಇಳಿಯುವ ಹೊತ್ತಿಗೆ ದೂರದಲ್ಲಿ ನಗು ಕೇಳಿಸಿತು. ಏರಿಯ ತಿರುವಿನಲ್ಲಿ ಮಹೇಶಪ್ಪ ಪ್ರಭಾಳ ಗೇರಿನ ಸೈಕಲ್ ಮೇಲೆ ಕೂತು, ಮಂಡಿಗಳು ಗದ್ದಕ್ಕೆ ತಗಲುವಂತೆ ಸುಮ್ಮನೆ ಗಿರಗಿರನೆ ತುಳಿಯುತ್ತಿದ್ದ; ಸೈಕಲ್ ಮಾತ್ರ ತೆವಳುತ್ತಿತ್ತು. ಅವನ ಕರೀ ಸೈಕಲ್ಲಿನ ಮೇಲೆ ಪ್ರಭಾ ಸೀರಿಯಸ್ಸಾಗಿ ಗೇರಿನ ಪಾಠ ಹೇಳುತ್ತ, ಮಧ್ಯೆ ನಗು ತಡೆಯಲಾರದೆ ಅತ್ತಿತ್ತ ವಾಲುತ್ತಿದ್ದಳು. ನಮ್ಮನ್ನು ಕಂಡು ಇಬ್ಬರೂ ನಿಂತರು. ನಾನು ಸಿಕ್ಕಿದ ಮರ ತಬ್ಬಿಕೊಂಡೆ.

ಗಿರಿಜಾ ಇಳಿದು ಹೋಗಿ ತಂಗಿಯ ಎದುರು ನಿಂತಳು. ಪ್ರಭಾಳೇ ಮಾತಾಡಿದಳು.

"ನಾವಿಬ್ರೂ ಕೂತು ಎಲ್ಲ ಮಾತಾಡ್ಕಂಡ್ವಿ ಅಕ್ಕ. ಮದುವೆ ಬ್ಯಾಡ ಅಂತ ಇಬ್ರೂ ಒಪ್ಕಂಡಿದೀವಿ. ಮುಂದಿನ್ ಸಲ ಇವರೂ ನಮ್ ತಂಡದ ಜೊತೆ ಫ್ರಾನ್ಸಿಗೆ ಬರೋದು ಅಂತಾನೂ ಒಪ್ಕಂಡಿದೀವಿ."

ಮೊದಲನೆಯದಕ್ಕೆ ಅಳಬೇಕೋ ಎರಡನೆಯದಕ್ಕೆ ಬೈಯಬೇಕೋ ಗಿರಿಜಾಳಿಗೆ ತಿಳಿಯಲಿಲ್ಲ. ಕೊನೆಗೆ ಕೇಳಿದ್ದು, ಬೆಳಗ್ಗೆಯಿಂದ ಏನಾದರೂ ತಿಂದೆಯಾ ಎಂದು. ಪ್ರಭಾ ಇಲ್ಲ ಎಂದಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಮುಂದೆ ನಡೆದರು. ನಾನೂ ಮಹೇಶಪ್ಪನೂ ಹಿಂದೆ ಉಳಿದೆವು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಅವನು, ಗೇರು ಎಂಬುದು ಬಲು ಮಜವಾದ ವಸ್ತು ಕಣಪ್ಪ ಎಂದ.

ಉಳಿದ ಎರಡು ದಿನ ನಾವು ಪ್ರವಾಸವನ್ನು ನಿಜವಾಗಿ ಮಾಡಿದೆವು. ತಟ್ಟೆ ಇಡ್ಲಿ ಕಂಡ ಕಡೆಯೆಲ್ಲ ನಿಂತೆವು. ಚಿಕ್ಕನಾಯಕನಹಳ್ಳಿಯ ಹತ್ತಿರ ಕುರಿಮಂದೆಯೊಂದು ರಸ್ತೆ ತುಂಬಿಕೊಂಡಾಗ, ನಾಲ್ವರೂ ಕುರಿಗಳ ನಡುವೆ ಅವುಗಳ ವೇಗದಲ್ಲೇ ಹೋದೆವು. ಅದು ನನಗೆ ಸರಿಹೊಂದಿದ ವೇಗ.

ಈ ವರ್ಷ ಮಹೇಶಪ್ಪ ಹೇಳಿದಂತೆ ತಂಡದ ಜೊತೆ ಹೋದ. ದ್ರಾಕ್ಷಿ ತೋಟದ ನಡುವೆ, ತಲೆಗೆ ಟೋಪಿ ಹಾಕಿ, ಉದ್ದನೆಯ ಬ್ರೆಡ್ಡನ್ನು ದೊಣ್ಣೆಯಂತೆ ಹಿಡಿದು ನಿಂತ ಫೋಟೋ ಬಂತು. ಪಕ್ಕದಲ್ಲಿ ಪ್ರಭಾ, ಸುತ್ತ ಹತ್ತಾರು ಜನ, ಎಲ್ಲರ ಮುಖವೂ ಬಿಸಿಲಿಗೆ ಕೆಂಪು. ಗಿರಿಜಾ ಅದನ್ನು ಅಂಗಡಿಯ ಗಲ್ಲಾದ ಮೇಲೆ ಅಂಟಿಸಿದಳು.

ನಮ್ಮ ಭಾಷೆಯಲ್ಲಿ ನಂಟಿಗೆ ಬರವಿಲ್ಲ. ಹೆಂಡತಿಯ ತಂಗಿಯ ಗಂಡನಿಗೆ ಷಡ್ಡಕ ಎಂದು ಗಟ್ಟಿಯಾದ ಒಂದು ಪದವೇ ಇದೆ. ಹೆಂಡತಿಯ ತಂಗಿಯ ಜೊತೆ ಸೈಕಲ್ ತುಳಿಯುವವನಿಗೆ ಮಾತ್ರ ಇಲ್ಲ. ಮೊನ್ನೆ ಕನ್ನಡಕ ರಿಪೇರಿಗೆ ಬಂದ ಹಿರಿಯರೊಬ್ಬರು ಆ ಫೋಟೋವನ್ನು ಸಾವಕಾಶವಾಗಿ ನೋಡಿ, ಇದು ನಿಮ್ಮ ನಾದಿನಿ ತಾನೆ, ಪಕ್ಕದಲ್ಲಿರುವ ಮಹೇಶಪ್ಪ ಆಕೆಗೆ ಏನಾಗಬೇಕು ಎಂದು ಕೇಳಿದರು. ನಾನು ಪದ ಹುಡುಕುತ್ತ ತಡವರಿಸಿದೆ.

ಗಿರಿಜಾ ಆ ಹಿರಿಯರ ಕನ್ನಡಕವನ್ನು ಸೆರಗಿನಿಂದ ಒರೆಸಿ ಕೈಗೆ ಕೊಡುತ್ತ ಹೇಳಿದಳು:

"ಏನೂ ಆಗ್ಬೇಕಾಗಿಲ್ಲ ಬುಡಿ. ಈಗಿರೋ ಹಂಗೇ ಚೆನ್ನಾಗವ್ರೆ."