ಕುಟ್ರು ಹತ್ತಿದ ಬಸ್ಸು

ಈ ಕಡೆಯ ಖಾಸಗಿ ಬಸ್ಸುಗಳಿಗೆ ಬ್ರೇಕಿಗಿಂತ ಹಾರನ್ನಿನ ಮೇಲೆ ನಂಬಿಕೆ ಜಾಸ್ತಿ. ಶೃಂಗೇರಿಯಿಂದ ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನಲ್ಲಿ ಹಾರನ್ನಿನ ಜೊತೆಗೆ ಸಿನಿಮಾ ಹಾಡೂ ಸೇರಿ ನನ್ನ ತಲೆ ಸಿಡಿಯುತ್ತಿತ್ತು. ಪಕ್ಕದಲ್ಲಿ ಕಿಗ್ಗದ ಹೆಂಗಸೊಬ್ಬರು ಮಿಕ್ಸಿಯ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದರು. ಹಾರನ್ ಕೂಗಿದಾಗೆಲ್ಲ ಅದರೊಳಗೆ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು.

"ಎಂತಕ್ಕ ಅದು, ಕೋಳಿನಾ?" ಎಂದ ಕಂಡಕ್ಟರ್.

"ಕುಟ್ರು ಹಕ್ಕಿ ಮಾರಾಯ. ಕಿಟಕಿ ಗಾಜಿಗೆ ಬಡ್ಕೊಂಡು ಬಿತ್ತು. ಕೊಪ್ಪದ ದನದ ಡಾಕ್ಟ್ರಿಗೆ ತೋರಿಸ್ಬೇಕು. ಈ ಹಾರನ್ನಿಗೆ ಬೆಚ್ಚಿ ಪೆಟ್ಟಾದ ರೆಕ್ಕೆನೇ ಬಡೀತದೆ."

ಕಂಡಕ್ಟರ್ ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಹಾಡು ನಿಂತಿತು. ಆಮೇಲೆ ಪ್ರತಿ ತಿರುವಿನಲ್ಲೂ ಡ್ರೈವರ್ ಬಸ್ಸನ್ನು ನಡಿಗೆಯ ವೇಗಕ್ಕೆ ಇಳಿಸಿ, ಕಿಟಕಿಯಿಂದ ಕತ್ತು ಹೊರಹಾಕಿ ಎದುರಿನ ದಾರಿ ನೋಡಿಕೊಂಡೇ ತಿರುಗಿಸಿದ. ಕಂಡಕ್ಟರ್ ಸೀಟಿಯನ್ನು ಜೇಬಿಗೆ ಹಾಕಿದ. ಜನ ಹತ್ತಿ ಇಳಿದಾಗೆಲ್ಲ ಮುಂದೆ ಹೋಗಿ ಡ್ರೈವರನ ಭುಜ ಮುಟ್ಟಿದ. ಹೊತ್ತಾಯಿತೆಂದು ಯಾರೂ ಗೊಣಗಲಿಲ್ಲ, ಸದಾ ಗೊಣಗುವ ನಾನೂ. ಫೋನ್ ಬಂದವರೊಬ್ಬರು "ಆಮೇಲೆ ಮಾಡ್ತೆ" ಎಂದು ಪಿಸುಗುಟ್ಟಿ ಇಟ್ಟರು. ಪೆಟ್ಟಿಗೆ ಸುಮ್ಮನಾಯಿತು. ಅದಕ್ಕೂ ಹೆದರಿ ಆ ಹೆಂಗಸು ಮುಚ್ಚಳ ಸರಿಸಿ, ಉಸಿರಿದೆಯೇ ಎಂದು ನೋಡಿದರು. ಇತ್ತು.

ಕೊಪ್ಪದಲ್ಲಿ ಅವರು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಇಳಿದು ಹೋದರು. ಬಸ್ಸು ಊರು ದಾಟಿತು. ಮೊದಲ ತಿರುವಿನಲ್ಲಿ ಡ್ರೈವರ್ ಮತ್ತೆ ನಿಧಾನಿಸಿ ಕತ್ತು ಹೊರಹಾಕಿದ.

"ಹಕ್ಕಿ ಇಳ್ದು ಹೋಯ್ತಲ್ಲ ಮಾರಾಯ, ಹಾರನ್ ಹೊಡಿ," ಎಂದ ಕಂಡಕ್ಟರ್.

ಡ್ರೈವರ್ ಹಾರನ್ನಿನ ಮೇಲೆ ಕೈಯಿಟ್ಟು, ತೆಗೆದ. "ಇರ್ಲಿ, ಇದೊಂದು ತಿರುವು ದಾಟ್ಲಿ."