ಕೂಗು ಬರುವ ತನಕ

ಯುದ್ಧದಿಂದ ಗಾಯ ಮಾಡಿಕೊಂಡು ಬಂದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದು ನಾಲ್ಕು ಜನರ ಮುಂದೆ ಆಡುವ ಮಾತಲ್ಲ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಕಾಲು ಕಳೆದುಕೊಂಡವನಿಗೆ ಜನ ಕೂರಲು ಜಾಗ ಬಿಡುತ್ತಾರೆ. ಕಣ್ಣು ಕಳೆದುಕೊಂಡವನ ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ನನಗೆ ಗುಂಡು ತಗಲಿರಲಿಲ್ಲ. ತಗಲಿದ್ದರೆ ಮೈಮೇಲೆ ಒಂದು ತೂತಾದರೂ ಇರುತ್ತಿತ್ತು, ಅಂಗಿ ಎತ್ತಿ ತೋರಿಸಬಹುದಿತ್ತು.

ನಾನು ಬರ್ಮಾ ಗಡಿಯಲ್ಲಿ ಫೌಜಿನ ಲಾರಿ ಓಡಿಸಿದವನು. ಲಡಾಯಿ ಮುಗಿದು ತಿಕೋಟಾದ ನಮ್ಮ ಮನೆಗೆ ಮರಳಿದಾಗ ನೋಡುವವರ ಕಣ್ಣಿಗೆ ಕೈಕಾಲು ಎಲ್ಲ ನೆಟ್ಟಗೇ ಇದ್ದವು. ಆದರೆ ಬಲಗೈ ಆಗಾಗ ಹೋಗಿಬಿಡುತ್ತಿತ್ತು. ಹೋಗುವುದೆಂದರೆ ನೋಯುವುದಲ್ಲ, ಜೋಮು ಹಿಡಿಯುವುದೂ ಅಲ್ಲ. ಜೋಮು ಹಿಡಿದರೆ ಹಿಡಿದಿದೆ ಎಂದಾದರೂ ತಿಳಿಯುತ್ತದೆ. ಇದು ಹೇಳದೆ ಕೇಳದೆ ಹೋಗುತ್ತಿತ್ತು. ಊಟಕ್ಕೆ ಕೂತಾಗ ತುತ್ತು ಯಾಕೆ ಬಾಯಿಗೆ ಬರಲಿಲ್ಲ ಎಂದು ಕೆಳಗೆ ನೋಡಿದರೆ ಕೈ ಗಂಗಾಳದಲ್ಲೇ ಮುಷ್ಟಿ ಕಟ್ಟಿಕೊಂಡು ಬಿದ್ದಿರುತ್ತಿತ್ತು. ಕಣ್ಣಿಂದ ನೋಡಿದರಷ್ಟೇ ಅದು ಹೋಗಿದ್ದು ನನಗೆ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮರಳಿ ಬರುತ್ತಿತ್ತು.

ಫೌಜಿನ ಆಸ್ಪತ್ರೆಯಲ್ಲಿ ಮೊಣಕಾಲಿಗೆ ಸುತ್ತಿಗೆಯಿಂದ ಬಡಿದು ನೋಡಿ ಕಳಿಸಿದ್ದರು. ಊರಿಗೆ ಬಂದ ಮೇಲೆ ಅಪ್ಪ ನನ್ನನ್ನು ವಿಜಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಅವರು ಬೆರಳು ಬೆರಳಿಗೂ ಸೂಜಿ ಚುಚ್ಚಿದರು. ಡಾಕ್ಟರರ ಮುಂದೆ ನನ್ನ ಕೈ ಹೊಸ ಅಳಿಯನಷ್ಟು ಸಭ್ಯ. ಚುಚ್ಚಿದಲ್ಲೆಲ್ಲ ಹಾಯ್ ಎಂದೆ.

"ಇವನಿಗೆ ಏನೂ ಆಗಿಲ್ಲ. ಲಡಾಯಿ ಅಂಜಿಕಿ ಒಂದಷ್ಟು ಉಳದೈತಿ. ಉಂಡು, ದುಡಿದು ಆರಾಮ ಇರಲಿ" ಎಂದರು ಡಾಕ್ಟರು. ನನಗಲ್ಲ, ಅಪ್ಪನಿಗೆ.

ಅಪ್ಪ ಆ ಮಾತಿನಲ್ಲಿ 'ಏನೂ ಆಗಿಲ್ಲ' ಎಂಬುದನ್ನಷ್ಟೇ ಗಂಟು ಕಟ್ಟಿಕೊಂಡು ತಿಕೋಟಾಕ್ಕೆ ತಂದ. ನಾನು ಅವನಿಗೆ ಒಬ್ಬನೇ ಮಗ. ನಾನು ಫೌಜಿನಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಸೊಸೆಯೊಬ್ಬಳ ಜೊತೆಯಲ್ಲಿ ಅಷ್ಟೂ ವರ್ಷ ಹೊಲ ಸಂಭಾಳಿಸಿದವನಿಗೆ ಮಗ ಬಂದ ಎಂದರೆ ಕೈ ಬಂತು ಎಂದೇ ಅರ್ಥ. ಆ ಕೈ ಇದ್ದೂ ಇಲ್ಲ ಎಂದರೆ ಅವನು ಹೇಗೆ ನಂಬಿಯಾನು?

ಉತ್ತರಿ ಮಳೆ ಹದವಾಗಿ ಬಿತ್ತು. ಬಿಳಿಜೋಳ ಬಿತ್ತಲು ಕೂರಿಗೆ ಹೂಡಿದೆವು. ಅಪ್ಪ ಎತ್ತು ಹೊಡೆಯುತ್ತಿದ್ದ. ಕೂರಿಗೆಯ ಹಿಂದೆಯೇ ನಡೆಯುತ್ತ ಅದರ ಬಟ್ಟಲಿಗೆ ಜೋಳ ಬಿಡುವುದು ನನ್ನ ಕೆಲಸ. ಹಿಂದಿನ ಕೊಳವೆಯಲ್ಲಿ ಜೋಳದ ನಡುನಡುವಿನ ಅಕ್ಕಡಿ ಸಾಲಿಗೆ ಕುಸುಬೆ ಬಿಡುವುದು ಹೆಂಡತಿಯ ಕೆಲಸ. ಬಟ್ಟಲಿಗೆ ಬೀಜ ಬಿಡುವವನು ಕೈ ನೋಡುವಂತಿಲ್ಲ. ಕಣ್ಣು ಮುಂದಿನ ಸಾಲಿನ ಮೇಲಿರಬೇಕು, ಬೆರಳ ಸಂದಿನಿಂದ ಕಾಳು ಒಂದೇ ಸಮನೆ ಜಾರಬೇಕು. ಅವ್ವ ಹಾಡು ಹೇಳಿಕೊಂಡು ಬಿತ್ತುತ್ತಿದ್ದಳು, ಒಂದು ಕಾಳು ಹೆಚ್ಚಾಗುತ್ತಿರಲಿಲ್ಲ, ಒಂದು ಕಡಿಮೆಯಾಗುತ್ತಿರಲಿಲ್ಲ. ನಾನೂ ಮುಂದೆ ನೋಡುತ್ತ ನಡೆದೆ. ಬಿತ್ತಿದ ಹಿಂದೆಯೇ ಮಣ್ಣು ಮುಚ್ಚಿಕೊಳ್ಳುತ್ತಿತ್ತು. ಸಂಜೆಗೆ ಅಪ್ಪ ನನ್ನ ಬೆನ್ನು ತಟ್ಟಿದ. ಅಂದು ನಾನು ಬಲು ಖುಷಿಯಾಗಿದ್ದೆ.

ವಾರ ಕಳೆಯುವುದರೊಳಗೆ ಮೊಳಕೆ ಎದ್ದಿತು. ನಮ್ಮ ಹೊಲ ವಿಜಾಪುರದ ರಸ್ತೆಗೆ ಹತ್ತಿಕೊಂಡೇ ಇದೆ, ಸಂತೆಗೆ ಹೋಗುವವರೆಲ್ಲ ಅದನ್ನು ನೋಡಿಕೊಂಡೇ ಹೋಗಬೇಕು. ಕುಸುಬೆಯ ಸಾಲುಗಳು ದಾರ ಹಿಡಿದಂತೆ ನೆಟ್ಟಗಿದ್ದವು. ಜೋಳದ ಸಾಲುಗಳು ಮಾತ್ರ ಅಲ್ಲಲ್ಲಿ ಹರಿದುಹೋಗಿದ್ದವು. ಒಂದಷ್ಟು ದೂರ ಹಸಿರು, ಆಮೇಲೆ ಬರೀ ಕರಿ ಮಣ್ಣು, ಮತ್ತೆ ಹಸಿರು. ನನ್ನ ಕೈ ಎಲ್ಲೆಲ್ಲಿ ಹೋಗಿತ್ತು, ಎಲ್ಲಿ ಮರಳಿತ್ತು ಎಂಬುದನ್ನು ಮೊದಲ ಸಲ ಕಣ್ಣಾರೆ ಕಂಡೆ. ನಾನು ತಿಳಿದದ್ದಕ್ಕಿಂತ ಎಷ್ಟೋ ಹೆಚ್ಚು ಸಲ ಅದು ಹೋಗಿತ್ತು.

ಚಕ್ಕಡಿಯಲ್ಲಿ ಹೊರಟಿದ್ದ ಒಬ್ಬ ನಗುತ್ತ ಕೂಗಿ ಕೇಳಿದ: "ಏನಲೇ ಫೌಜಿ, ಹೊಲದಾಗ ನಿನ್ನ ಲಾರಿ ಓಡಿಸಿಯೇನು?"

ಅಪ್ಪನಿಗೆ ಆ ನಗೆ ಚೂರಿ ಹಾಕಿದಂತಾಯಿತು. ಬದುವಿನ ಮೇಲೆ ನಿಂತು ಹರಿದ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಯಪ್ಪಾ, ಅಲ್ಲೆಲ್ಲ ಕೈ ಹೋಗಿತ್ತು. ನಂಗ ಗೊತ್ತಾಗ್ಲಿಲ್ಲ" ಎಂದೆ.

"ಕುಣೀಲಾರದಕಿ ನೆಲ ಡೊಂಕ ಅಂದಿದ್ಲಂತ" ಎಂದ ಅಪ್ಪ. "ಡಾಕ್ಟರ್ ಮುಂದ ಇರ್ತೈತಿ, ಉಣ್ಣಾಕ ಇರ್ತೈತಿ, ದುಡಿಯಾಕ ಬಂದ್ರ ಹೊಕ್ಕೈತಿ. ಎಂಥಾ ಶಾಣ್ಯಾ ಕೈ ಅದು!"

ಉಣ್ಣುವಾಗಲೂ ಹೋಗುತ್ತದೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅಪ್ಪ ಬದು ಇಳಿದು ಹೊರಟಿದ್ದ. ಮನೆಗೆ ಬಂದು ಅಪ್ಪ ತನ್ನ ತೀರ್ಮಾನ ತಿಳಿಸಿದ. ಬಬಲೇಶ್ವರದಲ್ಲಿ ಬರೆ ಹಾಕುವ ಮುದುಕನೊಬ್ಬನಿದ್ದ. ಮಕ್ಕಳ ಸೆಟೆತ, ಕಾಮಾಲೆ, ಕೈಕಾಲು ಬಿದ್ದುಹೋದದ್ದು, ಎಲ್ಲಕ್ಕೂ ಅವನ ಕಾದ ಕುಡುಗೋಲೇ ಔಷಧ. ಅಮಾವಾಸ್ಯೆ ಕಳೆದ ಮರುದಿನ ಅವನ ಹತ್ತಿರ ಹೋಗುವುದೆಂದಾಯಿತು.

"ಜಡ್ಡಿದ್ರ ಬಿಡ್ತೈತಿ. ನಾಟಕಾದ್ರೂ ಬಿಡ್ತೈತಿ" ಎಂದ ಅಪ್ಪ.

ಮರುದಿನ ಹೆಂಡತಿ ಹಿತ್ತಲಲ್ಲಿ ಕುಳ್ಳು ತಟ್ಟುತ್ತ ನನ್ನನ್ನು ಕರೆದಳು. ಚಿಕ್ಕವಳಿದ್ದಾಗ ಅವಳ ತಮ್ಮನಿಗೆ ಅದೇ ಮುದುಕನ ಹತ್ತಿರ ಬರೆ ಹಾಕಿಸಿದ್ದರು. ಅಲ್ಲಿಯ ಪದ್ಧತಿ ಅವಳಿಗೆ ಗೊತ್ತಿತ್ತು.

"ಆ ಮುದುಕ ಕೂಗು ಬರೋತನಕ ಕುಡಗೋಲ ತಗ್ಯಾಂಗಿಲ್ರಿ" ಎಂದಳು. "ಇಟ್ಟ ಕೂಡ್ಲೇ ನನ್ನ ತಮ್ಮ ಚೀರಿದ, ಆತ ತಗದ. ನಿಮ್ಮ ಕೈ ಹೋದ ಹೊತ್ತಿನಾಗ ಇಟ್ರ ಏನ್ ಮಾಡ್ತೀರಿ?"

ನನಗೆ ಅದು ಹೊಳೆದೇ ಇರಲಿಲ್ಲ. ಉರಿ ಗೊತ್ತಾಗದೆ ಇದ್ದರೆ ಕೂಗು ಎಲ್ಲಿಂದ ಬರಬೇಕು? ಕೂಗು ಬರದಿದ್ದರೆ ಕಬ್ಬಿಣ ಎಲುಬು ಮುಟ್ಟುವ ತನಕ ಇಳಿಯುತ್ತದೆ.

"ಉರೀಲಿ ಬಿಡಲಿ, ಮುಟ್ಟಿದ್ದ ಕಂಡ ಕೂಡ್ಲೇ ಕೂಗಿಬಿಡ್ರಿ. ನಿಮ್ಮ ಕಾಲ ಬೀಳ್ತೀನಿ" ಎಂದಳು. ಕೂಗುತ್ತೇನೆಂದು ಮಾತು ಕೊಟ್ಟೆ.

ಹೋಗದೆ ಇರಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಹೋಗದಿದ್ದರೆ ಅಪ್ಪನ ಪಾಲಿಗೆ ನಾನು ಸಾಯುವ ತನಕ ಸುಳ್ಳ. ಅವನ ಕಣ್ಣಲ್ಲಿ ಸುಳ್ಳನಾಗಿ ಅವನ ರೊಟ್ಟಿ ಉಣ್ಣುವುದಕ್ಕಿಂತ ಬರೆಯೇ ವಾಸಿ ಎನಿಸಿತ್ತು. ಒಳಗೊಳಗೇ ಒಂದು ಆಸೆಯೂ ಇತ್ತು, ಯಾರಿಗೆ ಗೊತ್ತು, ಬಿಟ್ಟೇ ಹೋದೀತು.

ನಸುಕಿಗೆ ಚಕ್ಕಡಿ ಹೂಡಿ ಹೊರಟೆವು. ಹೆಂಡತಿ ಬೇಡವೆಂದರೂ ಹತ್ತಿ ಕೂತಳು. ದಾರಿಯುದ್ದಕ್ಕೂ ನಾನು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಬೆರಳು ಮಡಚುತ್ತಿದ್ದೆ, ಬಿಚ್ಚುತ್ತಿದ್ದೆ. ಬಬಲೇಶ್ವರ ಮುಟ್ಟುವ ತನಕ ಅದು ಎಲ್ಲಿಗೂ ಹೋಗಲಿಲ್ಲ. ಮುದುಕನ ಮನೆಯ ಮುಂದೆ ಇಳಿಯುವಾಗ ಹೆಂಡತಿಗೆ "ಐತಿ" ಎಂದೆ. ಅವಳನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿದರು. ಹೆಂಗಸರು ಕಂಡರೆ ಅಳುತ್ತಾರೆ, ಅದಕ್ಕೆ ಒಳಗೆ ಬಿಡುವುದಿಲ್ಲ ಎಂದ ಮುದುಕ.

ಒಳಗೆ ಕುಳ್ಳಿನ ಕೆಂಡದಲ್ಲಿ ಕುಡುಗೋಲಿನ ತುದಿ ಕಾಯುತ್ತಿತ್ತು. ಮುದುಕ ನನ್ನ ಕೈಯನ್ನು ಮಣೆಯ ಮೇಲೆ ಬೋರಲಾಗಿ ಇರಿಸಿ, ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಲು ಅಪ್ಪನಿಗೆ ಹೇಳಿದ. ಆಮೇಲೆ, "ರುಮಾಲಿಲೆ ಕಣ್ಣ ಕಟ್ರಿ" ಎಂದ.

ಇದನ್ನು ಹೆಂಡತಿ ಹೇಳಿರಲಿಲ್ಲ. ಹೊರಗಿದ್ದವಳಿಗೆ ಹೇಗೆ ಗೊತ್ತಾಗಬೇಕು?

"ಕಣ್ಣ ಕಟ್ಟಬ್ಯಾಡ್ರಿ" ಎಂದೆ. "ನೋಡಿದ್ರನ ನಂಗ ಗೊತ್ತಾಗೋದು."

"ಅದಕ್ಕ ಕಟ್ಟೋದಪಾ" ಎಂದ ಮುದುಕ. "ಕುಡಗೋಲ ಕಂಡ್ರ ಮುಟ್ಟೂದಕ್ಕಿಂತ ಮೊದಲ ಚೀರ್ತಾರ. ಕಣ್ಣಿನ ಕೂಗು ಬ್ಯಾರೆ, ಮೈಯಿನ ಕೂಗು ಬ್ಯಾರೆ. ಮೈ ಕೂಗಬೇಕು. ಆವಾಗ ಜೀವ ಬಂತ ಅಂತ ತಿಳೀಬೇಕು."

ಅಪ್ಪ ತನ್ನ ರುಮಾಲು ಬಿಚ್ಚಿ ನನ್ನ ಕಣ್ಣಿಗೆ ಸುತ್ತಿದ. ಬೆವರು, ತಂಬಾಕು, ಎತ್ತಿನ ವಾಸನೆ. ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಫೌಜಿ ಮನಶ್ಯಾ ಅದಿ. ಸುಳ್ಳಸುಳ್ಳ ಕೂಗಿ ಮಾನಾ ಕಳೀಬ್ಯಾಡ."

ಕತ್ತಲಲ್ಲಿ ಕೂತೆ. ನನ್ನ ಕಿವಿ ಕೆಂಡದ ಕಡೆಗೇ ಇತ್ತು. ಯಾರೋ ಊದಿದ ಸದ್ದು. ಕಬ್ಬಿಣ ಎಳೆದ ಸದ್ದು. ಈಗ ಬಂತು ಎಂದು ಹಲ್ಲು ಕಚ್ಚಿದೆ. ಬರಲಿಲ್ಲ. ಬೆರಳು ಅಲುಗಿಸಿದೆ, ಅಲುಗಿತೆಂದೇ ಅನಿಸಿತು. ಕೂಗಿಬಿಡಲೇ? ಮುಟ್ಟುವ ಮೊದಲೇ ಕೂಗಿದರೆ ಅಪ್ಪನ ಮಾತೇ ಖರೆ ಆಗುತ್ತದೆ. ತಡಿ, ಉರಿ ಬರಲಿ, ಎಂದುಕೊಂಡೆ. ಕೂದಲು ಸುಟ್ಟ ವಾಸನೆ ಬಂತು. ಮುದುಕ ಕೆಂಡಕ್ಕೆ ಏನೋ ಹಾಕಿದ್ದಾನೆ, ಇದೂ ಅವನ ಪದ್ಧತಿ ಇರಬೇಕು ಎಂದುಕೊಂಡೆ. ಸಂತೆಯಲ್ಲಿ ಮಾಂಸ ಸುಡುವಾಗ ಬರುವಂಥ ವಾಸನೆಯೂ ಬಂತು. ನಾನು ಇನ್ನೂ ಕಾಯುತ್ತಲೇ ಇದ್ದೆ.

ಆಗ ಕೂಗು ಕೇಳಿಸಿತು. ಅಂಥ ಕೂಗನ್ನು ನಾನು ಬರ್ಮಾದಲ್ಲೂ ಕೇಳಿರಲಿಲ್ಲ. ಯಾರೋ ನನ್ನನ್ನು ಹಿಂದಕ್ಕೆ ನೂಕಿದರು, ಕಬ್ಬಿಣ ನೆಲಕ್ಕೆ ಬಿತ್ತು. ಎಡಗೈಯಿಂದ ರುಮಾಲು ಕಿತ್ತೆ. ಅಪ್ಪ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದಲ್ಲಿ ಕೂತಿದ್ದ. ಬಾಯಿ ತೆರೆದೇ ಇತ್ತು. ಅವನ ಕೈಯೊಳಗೆ ನನ್ನ ಕೈಯ ಹಿಂಭಾಗ ನೋಡುವಂತಿರಲಿಲ್ಲ.

"ಮಿಡುಕಲಿಲ್ಲೋ" ಎಂದ ಅಪ್ಪ. ಮುದುಕನಿಗೆ ಹೇಳಿದನೋ, ನನಗೋ, ತನಗೇ ಹೇಳಿಕೊಂಡನೋ. "ನಾ ಹಿಡಕೊಂಡಿದ್ನೆಲ್ಲೋ. ಒಂದೀಟೂ ಮಿಡುಕಲಿಲ್ಲೋ ಯಪ್ಪಾ ಇದು."

ನನಗೆ ಆಗ ಆದದ್ದು ಸಂತೋಷ. ಸುಟ್ಟ ಕೈ ನೋಡಿಕೊಂಡು ಸಂತೋಷಪಟ್ಟೆ ಎಂದರೆ ಹುಚ್ಚ ಅನ್ನಿ, ಅನ್ನುವವರಿಗೆ ನಾನು ಬೇಡವೆನ್ನುವುದಿಲ್ಲ. ಫೌಜಿನ ಡಾಕ್ಟರರಿಗೆ, ವಿಜಾಪುರದ ಡಾಕ್ಟರರಿಗೆ ಕಾಣದೆ ಹೋದದ್ದು ನನ್ನ ಅಪ್ಪನಿಗೆ ಕಂಡಿತ್ತು.

ಹೊರಗೆ ಬಂದಾಗ ಹೆಂಡತಿ ಬೇವಿನ ಮರದ ಕೆಳಗೆ ಎದ್ದು ನಿಂತಿದ್ದಳು. ಮುಖ ಅರಳಿತ್ತು, ಕಣ್ಣಲ್ಲಿ ನೀರಿತ್ತು. ನನ್ನ ಕೈಗೆ ಸುತ್ತಿದ ರುಮಾಲು ಅವಳಿಗಿನ್ನೂ ಕಂಡಿರಲಿಲ್ಲ.

"ಕೂಗಿದ್ದ ಕೇಳಿಸ್ತರಿ" ಎಂದಳು. "ಸದ್ಯ, ಕೈ ಐತಿ ಅಂದ್ಕೊಂಡೆ. ದೇವ್ರು ದೊಡ್ಡಾಂವ."

ಅಪ್ಪ ತಲೆ ತಗ್ಗಿಸಿ, "ಕೂಗಿದಾಂವ ನಾನವ್ವಾ" ಎಂದು ಹೇಳಿ ಎತ್ತು ಹೂಡಲು ಹೋದ.

ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ಕೈ ಮರಳಿತು. ಅದರ ಜೊತೆ ಉರಿಯೂ ಒಮ್ಮೆಲೇ ಬಂತು. ಆಗ ನಾನು ಕೂಗಿದ್ದು ಸುತ್ತಲಿನ ಹೊಲದವರಿಗೆಲ್ಲ ಕೇಳಿಸಿರಬೇಕು. ಅಪ್ಪ ಹಿಂತಿರುಗಿ ನೋಡಲಿಲ್ಲ, ಅವನ ಹೆಗಲು ಮಾತ್ರ ಅಲುಗುತ್ತಿತ್ತು. ಹೆಂಡತಿ ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಗಾಯ ಮಾಯಲು ಚಳಿಗಾಲ ಪೂರ್ತಿ ಬೇಕಾಯಿತು. ಕಿರುಬೆರಳು ಮತ್ತೆ ಮಡಚಲಿಲ್ಲ. ಆ ಜಡ್ಡು ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಅದಕ್ಕೆ ಏನೆನ್ನಬೇಕೆಂದು ಯಾವ ಡಾಕ್ಟರೂ ಹೇಳಲಿಲ್ಲ. ಆದರೆ ಈಗ ಕೈಯ ಹಿಂಭಾಗದಲ್ಲಿ ಕುಡುಗೋಲಿನ ಆಕಾರದ ಒಂದು ಗುರುತಿದೆ. ಕೇಳಿದವರಿಗೆ ಲಡಾಯಿಯ ಗಾಯ ಎನ್ನುತ್ತೇನೆ. ಜನ ಕೂರಲು ಜಾಗ ಬಿಡುತ್ತಾರೆ.

ಮರುವರ್ಷದ ಬಿತ್ತನೆಗೆ ಅಪ್ಪ ಕೂರಿಗೆಯ ಬಟ್ಟಲನ್ನು ಸೊಸೆಗೆ ಕೊಟ್ಟ, ಎತ್ತು ಹೊಡೆಯುವ ಬಾರುಕೋಲನ್ನು ನನ್ನ ಎಡಗೈಗೆ ಕೊಟ್ಟ. ಅಕ್ಕಡಿಯ ಕೊಳವೆ ಹಿಡಿದು ತಾನು ಹಿಂದೆ ನಡೆದ. ಸಾಲಿನ ತುದಿಗೆ ತಿರುಗುವಾಗಲೆಲ್ಲ ಅಲ್ಲಿಂದಲೇ ಕೇಳುತ್ತಿದ್ದ:

"ಕೈ ಐತೇನೋ?"

ಕೆಳಗೆ ನೋಡಿ, ಇದ್ದರೆ ಐತಿ ಎನ್ನುತ್ತಿದ್ದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಿದ್ದೆ. ಇಲ್ಲ ಎಂದಾಗ ಎತ್ತು ನಿಲ್ಲಿಸಿ ಮೂವರೂ ಬದುವಿನ ಮೇಲೆ ಕೂತು ಅದು ಬರುವ ತನಕ ಕಾಯುತ್ತಿದ್ದೆವು. ಅಪ್ಪ ಬದುಕಿರುವ ತನಕ ಒಮ್ಮೆಯೂ ನನ್ನನ್ನು "ಖರೇನಾ?" ಎಂದು ಕೇಳಲಿಲ್ಲ.